ಗೀಸರ್ ಗೋಡೆಗೇರುವ ಮುನ್ನ ಪೈಪುಗಳ ಕೆಲಸ

ಹೊಸ ಗೀಸರ್ ಹಾಕಿಸಿದ ಮೊದಲ ತಿಂಗಳಲ್ಲಿ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನೀರು ಉಗುರುಬೆಚ್ಚಗಷ್ಟೇ ಬರುತ್ತದೆ. ಬಿಸಿ ಬರುವ ಮೊದಲು ಅರ್ಧ ಬಕೆಟ್ ತಣ್ಣೀರು ಚೆಲ್ಲಬೇಕು. ಶವರಿನ ಧಾರೆ ಸಣ್ಣಗಾಗಿದೆ. ವಾಲ್ವಿನ ಬಾಯಿಂದ ತೊಟ್ಟಿಕ್ಕುತ್ತಲೇ ಇರುತ್ತದೆ. ಗೋಡೆಯ ಬಣ್ಣ ಉಬ್ಬಿದೆ. ಇಷ್ಟಕ್ಕೂ ಬೈಗುಳ ತಿನ್ನುವುದು ಗೀಸರ್. ಆದರೆ ಈ ದೂರುಗಳಲ್ಲಿ ಒಂದೊಂದನ್ನೂ ಹಿಡಿದು ಹಿಂದೆ ಹೋದರೆ ಬಹುಪಾಲು ನಾವು ತಲುಪುವುದು ಗೀಸರಿನ ಡಬ್ಬದೊಳಕ್ಕಲ್ಲ, ಅದರ ಹಿಂದು ಮುಂದಿನ ಎರಡು ಮೀಟರ್ ಪೈಪಿಗೆ. ಆದ್ದರಿಂದ ಇವತ್ತಿನ ಮಾತು ಯಾವ ಗೀಸರ್ ಕೊಳ್ಳಬೇಕು ಎಂಬುದಲ್ಲ. ಅದು ಬರುವ ಹೊತ್ತಿಗೆ ಪೈಪು ಹೇಗೆ ಸಿದ್ಧವಿರಬೇಕು ಎಂಬುದು. ನೀರು ಹೋಗುವ ದಾರಿಯಲ್ಲೇ ನಾವೂ ಹೋಗೋಣ.

ಮೊದಲು ಒತ್ತಡ. ಪಾನಾ ಕೈಗೆತ್ತಿಕೊಳ್ಳುವ ಮೊದಲೇ ನಿಮ್ಮ ಮನೆಯ ನೀರಿನ ಒತ್ತಡ ಎಷ್ಟು ಎಂದು ತಿಳಿದಿರಬೇಕು. ಮೇಲಿನ ಟ್ಯಾಂಕಿನಿಂದ ನೀರು ಬರುವುದಾದರೆ ಲೆಕ್ಕ ಸುಲಭ: ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ 3 ಮೀಟರ್ ಮೇಲಿದ್ದರೆ ನಿಮಗೆ ಸಿಗುವುದು 0.3 ಬಾರ್, ಅಷ್ಟೆ. ಪಂಪಿನಿಂದಲೋ ಬೀದಿಯ ಕೊಳಾಯಿಯಿಂದ ನೇರವಾಗಿಯೋ ಬರುವುದಾದರೆ ಲೆಕ್ಕ ಹಾಕಿ ಪ್ರಯೋಜನವಿಲ್ಲ, ಅಳೆಯಬೇಕು. ನಲ್ಲಿಗೆ ತಿರುಗಿಸಿ ಹಾಕುವ ಪ್ರೆಶರ್ ಗೇಜ್ ಸಿಗುತ್ತದೆ. ಬೀದಿಯ ನೀರಾದರೆ ರಾತ್ರಿಯೂ ಒಮ್ಮೆ ನೋಡಿ. ಸುತ್ತಮುತ್ತ ಯಾರೂ ನೀರು ಬಳಸದಾಗ ಒತ್ತಡ ಏರುತ್ತದೆ, ಮತ್ತು ನಮ್ಮ ಜಾಯಿಂಟುಗಳು ತಡೆಯಬೇಕಾದದ್ದು ಆ ಏರಿದ ಒತ್ತಡವನ್ನು.

ಒತ್ತಡದ ಜೊತೆ ಹರಿವನ್ನೂ ನೋಡಿ. ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಗೇಜಿನಲ್ಲಿ 2 ಬಾರ್ ತೋರಿಸುವ ಪೈಪು ಒಳಗೆ ತುಕ್ಕು ಕಟ್ಟಿಕೊಂಡಿದ್ದರೆ, ನಲ್ಲಿ ತೆರೆದಾಗ ನೂಲಿನಂತೆ ಸುರಿಯುತ್ತದೆ. ಪರೀಕ್ಷೆಗೆ 10 ಲೀಟರಿನ ಬಕೆಟ್ಟೊಂದು ಸಾಕು. ಒಂದು ನಿಮಿಷದಲ್ಲಿ ತುಂಬಿದರೆ ಚೆನ್ನ. ಮೂರು ನಿಮಿಷ ಹಿಡಿದರೆ ಗೀಸರಿಗಿಂತ ಮೊದಲು ಪೈಪು ಬದಲಾಗಬೇಕು, ಯಾಕೆಂದರೆ ಗೀಸರ್ ಹರಿವನ್ನು ಹೆಚ್ಚಿಸುವುದಿಲ್ಲ, ಇನ್ನೊಂದಿಷ್ಟು ಕಡಿಮೆ ಮಾಡುತ್ತದೆ.

ಇಲ್ಲೇ ಒಂದು ಅಡ್ಡಮಾತು. ‘ಇನ್‌ಸ್ಟಂಟ್ ಹಾಕಿಸಿದರೆ ಶವರಿಗೆ ಸಾಕಲ್ಲವೇ’ ಎಂಬ ಪ್ರಶ್ನೆ ಬಂದೇ ಬರುತ್ತದೆ. 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರ್ ನೀರನ್ನು 30 ಡಿಗ್ರಿ ಏರಿಸಬೇಕಾದರೆ ನಿಮಿಷಕ್ಕೆ 1.4 ಲೀಟರಿಗಿಂತ ಹೆಚ್ಚು ಕೊಡಲಾರದು. ಇದು ಕಂಪನಿಯ ಗುಣಮಟ್ಟದ ಪ್ರಶ್ನೆಯಲ್ಲ, ನೀರಿನ ಗುಣ. ಪಾತ್ರೆ ತೊಳೆಯಲು ಸಾಕು, ಶವರಿಗೆ ಸಾಲದು. 25 ಲೀಟರಿನ ಶೇಖರಣಾ ಗೀಸರಿಗೆ 2 ಕಿಲೋವಾಟಿನ ಕಾಯಿಲ್ ಇದ್ದರೆ 20 ಡಿಗ್ರಿಯ ನೀರು 60ಕ್ಕೇರಲು ಸುಮಾರು 35 ನಿಮಿಷ ಹಿಡಿಯುತ್ತದೆ, ಆಮೇಲೆ ಅದು ಎಷ್ಟು ರಭಸದಿಂದ ಬೇಕಾದರೂ ಹೊರಬರಬಹುದು. ಮುಂದಿನ ಮಾತೆಲ್ಲ ಈ ಶೇಖರಣಾ ಗೀಸರಿನ ಕುರಿತು.

ಗೋಡೆಯ ವಿಷಯ ಬೇಗ ಮುಗಿಸುತ್ತೇನೆ. 25 ಲೀಟರ್ ಎಂದರೆ ನೀರೇ 25 ಕಿಲೋ, ಡಬ್ಬವೂ ಸೇರಿ 35 ರಿಂದ 40 ಕಿಲೋ ಎರಡು ಬೋಲ್ಟುಗಳ ಮೇಲೆ ವರ್ಷಗಟ್ಟಲೆ ತೂಗುತ್ತದೆ. ಗಟ್ಟಿ ಇಟ್ಟಿಗೆಗೂ ಕಾಂಕ್ರೀಟಿಗೂ ಆಂಕರ್ ಬೋಲ್ಟ್ ಸರಿ. ಹಾಲೋ ಬ್ಲಾಕ್ ಗೋಡೆಯಲ್ಲಿ ಅದೇ ಬೋಲ್ಟ್ ಬಿಗಿಯುತ್ತಾ ಹೋದರೆ ಬ್ಲಾಕಿನ ತೆಳು ಗೋಡೆ ಒಡೆಯುತ್ತದೆ. ಅಲ್ಲಿ ಗೋಡೆಯ ಆಚೆ ಬದಿಗೆ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಹಾಕಬೇಕು, ಇಲ್ಲವೇ ಜಾಲರಿ ತೋಳಿನ ಕೆಮಿಕಲ್ ಆಂಕರ್. ತೂತು ಕೊರೆಯುವ ಮೊದಲು ಒಳಗಿನ ಪೈಪು ಎಲ್ಲಿದೆ ಎಂದು ಯೋಚಿಸಿ. ಬಿಸಿ ತಣ್ಣೀರು ಬೆರೆಸುವ ನಲ್ಲಿಯಿಂದ (ಮಿಕ್ಸರ್) ಗೀಸರಿಗಾಗಿ ಗೋಡೆಯಲ್ಲಿ ಬಿಟ್ಟ ಪೈಪಿನ ಬಾಯಿಗೆ (ಬಿಂದು) ಪೈಪುಗಳು ಸಾಮಾನ್ಯವಾಗಿ ನೆಟ್ಟಗೆ ಮೇಲೇರಿರುತ್ತವೆ. ಆ ಲಂಬ ರೇಖೆಯಲ್ಲಿ ಡ್ರಿಲ್ ಇಡಬೇಡಿ. ಇನ್ನೊಂದು: ನೆಟ್ಟಗೆ ನಿಲ್ಲಿಸಲೆಂದು ಮಾಡಿದ ಗೀಸರನ್ನು ಜಾಗ ಸಾಲದೆಂದು ಅಡ್ಡ ಮಲಗಿಸುವಂತಿಲ್ಲ. ಬಿಸಿನೀರು ಎತ್ತುವ ಒಳಕೊಳವೆಯ ತುದಿ ಗೀಸರಿನ ಟ್ಯಾಂಕಿನ ನೆತ್ತಿಯಲ್ಲಿರುವಂತೆ ಮಾಡಿರುತ್ತಾರೆ. ಮಲಗಿಸಿದರೆ ಆ ತುದಿ ಮಧ್ಯಕ್ಕೆ ಬರುತ್ತದೆ, ಕಾಯಿಲ್ ಅರ್ಧ ಗಾಳಿಯಲ್ಲಿ ಉಳಿಯಲೂಬಹುದು.

ಈಗ ಪೈಪು ಯಾವುದು ಎಂಬ ಪ್ರಶ್ನೆ. ತಣ್ಣೀರಿಗೆ ಹಾಕಿದ ಬಿಳಿ ಪ್ಲಾಸ್ಟಿಕ್ ಪೈಪು, ಅಂದರೆ ಯುಪಿವಿಸಿ, 60 ಡಿಗ್ರಿಯ ಹೊತ್ತಿಗೆ ತನ್ನ ಬಲದ ಬಹುಪಾಲನ್ನು ಕಳೆದುಕೊಂಡಿರುತ್ತದೆ. ಗೀಸರಿನ ಥರ್ಮೋಸ್ಟ್ಯಾಟ್ ಅದರಾಚೆಗೂ ಹೋಗುತ್ತದೆ. ಬಿಸಿನೀರಿಗೆ ಬಿಸಿ ತಡೆಯುವ ಪ್ಲಾಸ್ಟಿಕ್ಕುಗಳಾದ ಸಿಪಿವಿಸಿ, ಪಿಪಿಆರ್, ಇಲ್ಲವೇ ತಾಮ್ರ. ಸಿಪಿವಿಸಿ 93 ಡಿಗ್ರಿಯವರೆಗೆ ಬಳಸಬಹುದಾದದ್ದು. ಆದರೆ ಬಿಸಿಯಾದಷ್ಟೂ ಅದು ತಡೆಯುವ ಒತ್ತಡ ಇಳಿಯುತ್ತದೆ ಎಂಬುದನ್ನು ಮರೆಯುತ್ತೇವೆ. ಪೈಪಿನ ಹೊರವ್ಯಾಸ ಅದರ ಗೋಡೆಯ ದಪ್ಪದ ಎಷ್ಟು ಪಟ್ಟು ಎಂಬ ಲೆಕ್ಕವೇ ಎಸ್‌ಡಿಆರ್. ಎಸ್‌ಡಿಆರ್ 11 ದರ್ಜೆಯ ಪೈಪು 23 ಡಿಗ್ರಿಯಲ್ಲಿ 27 ಬಾರ್ ತಡೆದರೆ, 82 ಡಿಗ್ರಿಯಲ್ಲಿ ಹತ್ತಿರಹತ್ತಿರ 7 ಬಾರ್. ಎಸ್‌ಡಿಆರ್ 13.5 ಇನ್ನೂ ತೆಳು. ಬಿಸಿನೀರಿನ ಸಾಲಿಗೆ ದಪ್ಪದ್ದನ್ನೇ ಕೇಳಿ ತರಿಸಿ, ಪೈಪಿನ ಮೇಲಿನ ಅಚ್ಚು ಓದಿ.

ಎಲ್ಲರೂ ತಪ್ಪುವುದು ಗೀಸರಿಗೆ ಹೋಗುವ ತಣ್ಣೀರಿನ ಪೈಪಿನಲ್ಲಿ. ತಣ್ಣೀರು ತಾನೇ, ಯುಪಿವಿಸಿ ಸಾಕು ಎನ್ನುತ್ತಾರೆ. ನೀರು ಕಾದು ಹಿಗ್ಗಿದಾಗ ಬಿಸಿ ಒಂದಿಷ್ಟು ಒಳದಾರಿಯಲ್ಲೇ, ಅಂದರೆ ತಣ್ಣೀರು ಒಳಹೋಗುವ ಬಾಯಿಂದಲೇ, ಹಿಂದಕ್ಕೆ ಬರುತ್ತದೆ. ಗೀಸರಿನಿಂದ ಹೊರಚಾಚಿದ ಲೋಹದ ಕೊಳವೆಮೊನೆಯ (ನಿಪ್ಪಲ್) ಮೂಲಕವೂ ಶಾಖ ಹಾಯುತ್ತದೆ. ಹಾಗಾಗಿ ತಣ್ಣೀರಿನ ಸಾಲಿನ ಕೊನೆಯ ಒಂದೆರಡು ಮೀಟರನ್ನಾದರೂ ಬಿಸಿನೀರಿನ ಪೈಪಿನಲ್ಲೇ ಮಾಡಿ.

ಹಿಗ್ಗುವುದು ನೀರು ಮಾತ್ರವಲ್ಲ, ಪೈಪೂ ಹಿಗ್ಗುತ್ತದೆ. 10 ಮೀಟರ್ ಪೈಪು 40 ಡಿಗ್ರಿ ಹೆಚ್ಚು ಕಾದರೆ ತಾಮ್ರವಾದರೆ 7 ಮಿ.ಮೀ. ಉದ್ದವಾಗುತ್ತದೆ, ಸಿಪಿವಿಸಿ ಸುಮಾರು 27, ಒಳಗೆ ಬೇರೆ ಪದರವಿಲ್ಲದ ಸಾದಾ ಪಿಪಿಆರ್ 60. ಅದಕ್ಕೆ ಜಾಗ ಕೊಡದೆ ಎರಡೂ ತುದಿ ಸಿಮೆಂಟಿನಲ್ಲಿ ಬಿಗಿದರೆ ಎಲ್ಬೊ ಬಳಿ ಜಾಯಿಂಟ್ ಎಳೆದಾಡುತ್ತಾ ಒಂದು ದಿನ ಬಿಡುತ್ತದೆ. ಗೋಡೆಯ ಮೇಲಿನ ಪೈಪಿಗೆ ಜಾರಲು ಬಿಡುವ ಕ್ಲಾಂಪ್ ಹಾಕಿ, ಉದ್ದ ಸಾಲಿಗೆ ನಡುವೆ ಒಂದು ತಿರುವು ಕೊಡಿ. ಗೋಡೆಯೊಳಗಿನ ಪೈಪಿಗೆ ಫೋಮ್ ತೋಳು ತೊಡಿಸಿ, ಆಮೇಲೆ ಗಾರೆ ಮುಚ್ಚಿ. ಆ ತೋಳು ಎರಡು ಕೆಲಸ ಮಾಡುತ್ತದೆ: ಪೈಪು ಆಡಲು ಜಾಗ ಬಿಡುತ್ತದೆ, ಬಿಸಿಯನ್ನೂ ಹಿಡಿದಿಡುತ್ತದೆ. ಬಿಸಿ ತಣ್ಣನೆಯ ಪೈಪುಗಳನ್ನು ಗೋಡೆಯಲ್ಲಿ ಕೊರೆದ ಒಂದೇ ಗ್ರೂವಿನಲ್ಲಿ ಮೈಗೆ ಮೈ ತಾಗಿಸಿ ಕೂರಿಸಬೇಡಿ.

ಪೈಪಿನ ಒಳವ್ಯಾಸದ ಬಗ್ಗೆ ನಮ್ಮಲ್ಲಿ ಒಂದು ಆಸೆಯಿದೆ, ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು. ತಣ್ಣೀರಿನ ಮುಖ್ಯ ಸಾಲಿಗೆ ಅದು ನಿಜ. ಬಿಸಿನೀರಿಗೆ ಅಲ್ಲ. ಒಳವ್ಯಾಸ 20 ಮಿ.ಮೀ. ಇರುವ ಪೈಪು ಮೀಟರಿಗೆ 0.31 ಲೀಟರ್ ನೀರು ಹಿಡಿಯುತ್ತದೆ. 15 ಮಿ.ಮೀ. ಆದರೆ 0.18. ಗೀಸರಿನಿಂದ ಅಡುಗೆಮನೆಯ ನಲ್ಲಿಗೆ 10 ಮೀಟರ್ ಇದ್ದರೆ ಮೊದಲನೆಯದರಲ್ಲಿ 3 ಲೀಟರಿಗೂ ಹೆಚ್ಚು ತಣ್ಣೀರು ಹೊರಬಂದ ಮೇಲೆ ಬಿಸಿ. ಕೈ ತೊಳೆದುಕೊಂಡು ನಲ್ಲಿ ಮುಚ್ಚಿದಿರಿ ಅಂದರೆ ಅಷ್ಟೇ ಬಿಸಿನೀರು ಪೈಪಿನಲ್ಲೇ ನಿಂತು ಆರುತ್ತದೆ. ಒಂದೇ ನಲ್ಲಿಗೆ ಹೋಗುವ ಕವಲು ಸಣ್ಣದಾಗಿರಲಿ. ಗೀಸರನ್ನು ಹೆಚ್ಚು ಬಳಸುವ ನಲ್ಲಿಯ ಹತ್ತಿರ ಇಡಿ. ಒಂದೇ ಎಚ್ಚರಿಕೆ: ಟ್ಯಾಂಕಿನ 0.3 ಬಾರಿನ ಮನೆಯಾದರೆ ಪೈಪು ಸಣ್ಣದು ಮಾಡುವ ಹಾಗಿಲ್ಲ, ಅಲ್ಲಿ ದೂರವನ್ನೇ ಕಡಿಮೆ ಮಾಡಬೇಕು.

ಈಗ ಬಂದದ್ದು ನಿಜವಾದ ಗಂಟಿಗೆ: ಗೀಸರಿನ ಒಳದಾರಿ. ಬರುವ ನೀರಿನ ದಿಕ್ಕಿನಲ್ಲಿ ಜೋಡಣೆ ಹೀಗಿರಬೇಕು. ಮೊದಲು ಕಾಲುತಿರುವಿನ ಬಾಲ್ ವಾಲ್ವ್. ನೀರಿನಲ್ಲಿ ಮರಳಿದ್ದರೆ ಅದರ ನಂತರ ಒಂದು ಜಾಲರಿ ಸೋಸುಕ. ಆಮೇಲೆ ಸೇಫ್ಟಿ ವಾಲ್ವ್, ಅದರ ಮೇಲೆ ಗೀಸರಿನ ನೀಲಿ ಗುರುತಿನ ನಿಪ್ಪಲ್. ಸೇಫ್ಟಿ ವಾಲ್ವಿಗೂ ಗೀಸರಿಗೂ ನಡುವೆ ಬೇರೆ ಯಾವ ವಾಲ್ವೂ ಇರಕೂಡದು. ಯಾಕೆ?

25 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೇರಿದರೆ ನೂರಕ್ಕೆ ಒಂದೂವರೆ ಪಾಲು ಹಿಗ್ಗುತ್ತದೆ. ಹೆಚ್ಚುಕಡಿಮೆ 380 ಮಿಲಿ ಲೀಟರ್, ಎರಡು ಲೋಟದಷ್ಟು. ಆ ಎರಡು ಲೋಟ ನೀರು ಎಲ್ಲಿಗಾದರೂ ಹೋಗಲೇಬೇಕು. ನೀರನ್ನು ಅದುಮಿ ಚಿಕ್ಕದು ಮಾಡಲು ಬರುವುದಿಲ್ಲ. ಮೇಲಿನ ಟ್ಯಾಂಕಿನಿಂದ ಅಡೆತಡೆಯಿಲ್ಲದ ಪೈಪು ಬಂದಿದ್ದರೆ ಅದು ಸದ್ದಿಲ್ಲದೆ ಹಿಂದಕ್ಕೆ ತಳ್ಳಿಕೊಂಡು ಟ್ಯಾಂಕಿನತ್ತ ಹೋಗುತ್ತದೆ. ಆದರೆ ಸೇಫ್ಟಿ ವಾಲ್ವಿನೊಳಗೇ ಒಂದು ನಾನ್ ರಿಟರ್ನ್ ವಾಲ್ವ್ ಇರುತ್ತದೆ, ನೀರು ಒಳಗೆ ಮಾತ್ರ ಹೋಗಲಿ ಎಂದು. ಅದೂ ಬೇಕೇ ಬೇಕು: ಟ್ಯಾಂಕು ಖಾಲಿಯಾದ ದಿನ ಕೆಳಮನೆಯಲ್ಲಿ ಯಾರೋ ನಲ್ಲಿ ತೆರೆದರೆ ಗೀಸರಿನ ನೀರೆಲ್ಲ ಇಳಿದುಹೋಗಿ ಕಾಯಿಲ್ ಒಣಗಿ ಸುಡದಂತೆ ಕಾಯುವುದು ಅದೇ. ಹಿಂದಿನ ದಾರಿ ಮುಚ್ಚಿತು, ಮುಂದೆ ನಲ್ಲಿ ಮುಚ್ಚಿದೆ. ಆಗ ಒತ್ತಡ ಏರುತ್ತಾ ಹೋಗುತ್ತದೆ, ಸೇಫ್ಟಿ ವಾಲ್ವಿನ ಮಿತಿ, ಸಾಮಾನ್ಯವಾಗಿ 8 ಬಾರ್, ಮುಟ್ಟಿದಾಗ ಅದರ ಪಕ್ಕದ ಬಾಯಿಂದ ತೊಟ್ಟು ತೊಟ್ಟಾಗಿ ನೀರು ಬರುತ್ತದೆ.

ಅಂದರೆ ನೀರು ಬಿಸಿಯಾಗುವಾಗ ತೊಟ್ಟಿಕ್ಕುವುದು ವಾಲ್ವಿನ ದೋಷವಲ್ಲ, ಅದರ ಉದ್ಯೋಗ. ಆ ಬಾಯಿಗೆ ಬಿರಡೆ ಹೊಡೆದು, ಇಲ್ಲವೇ ಎಂ-ಸೀಲ್ ಮೆತ್ತಿ ‘ಸೋರಿಕೆ ನಿಲ್ಲಿಸುವ’ ಕೆಲಸ ಇದೆಯಲ್ಲ, ಪ್ಲಂಬಿಂಗಿನಲ್ಲಿ ಅದಕ್ಕಿಂತ ಅಪಾಯದ ಕೆಲಸ ಇಲ್ಲ. ಥರ್ಮೋಸ್ಟ್ಯಾಟ್ ಕೈಕೊಟ್ಟ ದಿನ ಆ ಒತ್ತಡಕ್ಕೆ ಉಳಿಯುವ ದಾರಿ ಗೀಸರಿನ ಟ್ಯಾಂಕನ್ನೇ ಒಡೆಯುವುದು. ಬಾಯಿ ತೆರೆದಿರಲಿ, ಅದಕ್ಕೊಂದು ಹೊರದಾರಿ ಮಾಡಿ. ಬಿಸಿ ತಡೆಯುವ ಕೊಳವೆ, ವಾಲ್ವಿನ ಬಾಯಿಗಿಂತ ಕಿರಿದಾಗಬಾರದು, ಉದ್ದಕ್ಕೂ ಕೆಳಮುಖವಾಗಿ ಇಳಿಯಬೇಕು, ತುದಿ ತೆರೆದಿದ್ದು ಕಣ್ಣಿಗೆ ಕಾಣುವ ಕಡೆ, ಬಚ್ಚಲಿನ ಜಾಲರಿಯ ಮೇಲೆ ಬೀಳಬೇಕು. ತುದಿಗೆ ನಲ್ಲಿ ಹಾಕುವ ಜಾಣತನ ಬೇಡ. ತುದಿಯಲ್ಲಿ ತಿರುಪಿನ ಎಳೆಯನ್ನೇ ಬಿಡದಿದ್ದರೆ ಮುಂದೊಂದು ದಿನ ಯಾರಿಗೂ ಮುಚ್ಚಳ ಹಾಕುವ ಆಸೆ ಬರುವುದಿಲ್ಲ.

ಗೀಸರ್ ಆಫ್ ಆಗಿ ತಣ್ಣಗಿರುವಾಗಲೂ ತೊಟ್ಟಿಕ್ಕಿದರೆ ಅದು ಬೇರೆ ಕಥೆ. ಒಂದೋ ವಾಲ್ವಿನ ಒಳಗೆ ಮರಳಿನ ಕಣ ಸಿಕ್ಕಿದೆ. ಅದರ ಸಣ್ಣ ಹಿಡಿಯನ್ನು ಎರಡು ಮೂರು ಬಾರಿ ಎತ್ತಿಬಿಟ್ಟರೆ ನೀರಿನ ರಭಸಕ್ಕೆ ತೊಳೆದುಹೋಗುತ್ತದೆ. ಅಥವಾ ಬರುವ ನೀರಿನ ಒತ್ತಡವೇ ಹೆಚ್ಚು. ಆ ಒತ್ತಡ ವಾಲ್ವಿನ ಮಿತಿಯ ನೂರಕ್ಕೆ 80ನ್ನು ಮೀರಬಾರದು, 8 ಬಾರಿನದಾದರೆ 6.4. ಮೀರುವುದಾದರೆ ಒತ್ತಡ ತಗ್ಗಿಸುವ ವಾಲ್ವ್ ಬೇಕು, 3 ಬಾರಿಗೆ ಹೊಂದಿಸಿದರೆ ಮನೆಗೆ ಧಾರಾಳ. ಈ ವಾಲ್ವನ್ನು ಎಲ್ಲಿ ಹಾಕುತ್ತೀರಿ ಎಂಬುದು ಮುಖ್ಯ. ಗೀಸರಿನ ಸಾಲಿಗೆ ಮಾತ್ರ ಹಾಕಿದರೆ ಬಿಸಿನೀರು 3 ಬಾರಿನಲ್ಲಿ, ತಣ್ಣೀರು 7ರಲ್ಲಿ ಮಿಕ್ಸರಿಗೆ ಬರುತ್ತವೆ. ತಣ್ಣೀರು ಬಿಸಿಯನ್ನು ಹಿಂದಕ್ಕೊತ್ತುತ್ತದೆ, ಶವರಿನ ಹದ ಎಂದೂ ಸಿಗುವುದಿಲ್ಲ. ಮನೆಗೆ ನೀರು ಬರುವ ಮೂಲದಲ್ಲೇ ಹಾಕಿ, ಎರಡೂ ಸಮವಾಗಿರಲಿ. ನೂರು ಲೀಟರಿನಂಥ ದೊಡ್ಡ ಗೀಸರಾದರೆ ಹಿಗ್ಗುವ ನೀರೇ ಒಂದೂವರೆ ಲೀಟರ್. ಅದನ್ನು ದಿನಾ ಚೆಲ್ಲುವ ಬದಲು ಸೇಫ್ಟಿ ವಾಲ್ವಿಗಿಂತ ಹಿಂದೆ, ತಣ್ಣೀರಿನ ಸಾಲಿನಲ್ಲಿ, ಹಿಗ್ಗಿದ ನೀರನ್ನು ಹಿಡಿದಿಡುವ ಎಕ್ಸ್‌ಪಾನ್ಶನ್ ಟ್ಯಾಂಕ್ ಕೂರಿಸಬಹುದು. ಆದರೆ ಆಗ ಸೇಫ್ಟಿ ವಾಲ್ವಿನೊಳಗೆ ನಾನ್ ರಿಟರ್ನ್ ಇರಬಾರದು, ಅದನ್ನು ಎಕ್ಸ್‌ಪಾನ್ಶನ್ ಟ್ಯಾಂಕಿನ ಹಿಂದೆ ಪ್ರತ್ಯೇಕ ಹಾಕಬೇಕು. ಇಲ್ಲವಾದರೆ ಹಿಗ್ಗಿದ ನೀರು ಆ ಟ್ಯಾಂಕನ್ನು ಮುಟ್ಟುವುದೇ ಇಲ್ಲ.

ಈಗ ಗೀಸರಿನಿಂದ ಬಿಸಿನೀರು ಹೊರಡುವ ಹೊರದಾರಿಗೆ ಬರೋಣ. ಗೀಸರ್ ಕಟ್ಟುವ ಮೊದಲೇ ಮನೆಯ ಪೈಪಿನಲ್ಲಿ ಬಿಸಿ ತಣ್ಣನೆಯ ಸಾಲುಗಳು ಎಲ್ಲಾದರೂ ಒಂದಾಗಿವೆಯೇ ಎಂದು ಪರೀಕ್ಷಿಸಿ. ಹಳೆಯ ಗೀಸರ್ ಇದ್ದರೆ ಅದರ ಒಳದಾರಿಯ ವಾಲ್ವ್ ಮುಚ್ಚಿ, ಮನೆಯ ಒಂದು ಬಿಸಿ ನಲ್ಲಿ ತೆರೆಯಿರಿ. ಕೆಲವು ಕ್ಷಣ ಸುರಿದು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಎಲ್ಲೋ ತಣ್ಣೀರು ಬಿಸಿಸಾಲಿಗೆ ದಾಟುತ್ತಿದೆ. ಕಳ್ಳ ಸಾಮಾನ್ಯವಾಗಿ ಸವೆದ ಕಾರ್ಟ್ರಿಡ್ಜಿನ ಒಂಟಿಹಿಡಿ ಮಿಕ್ಸರ್, ಇಲ್ಲವೇ ಎರಡೂ ತಿರುಪು ತೆರೆದಿಟ್ಟು ತುದಿಯ ಗುಂಡಿಯಲ್ಲಿ ಮಾತ್ರ ನಿಲ್ಲಿಸಿರುವ ಹ್ಯಾಂಡ್ ಶವರ್. ಒಂದೊಂದು ಮಿಕ್ಸರಿನ ಕೆಳಗಿನ ಆಂಗಲ್ ವಾಲ್ವುಗಳನ್ನು ಸರದಿಯಲ್ಲಿ ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ ಹರಿವು ನಿಲ್ಲುತ್ತದೋ ಅದೇ. ಈ ಹತ್ತು ನಿಮಿಷದ ಪರೀಕ್ಷೆ ಮಾಡದೆ ಉಗುರುಬೆಚ್ಚಗಿನ ನೀರಿಗಾಗಿ ಒಳ್ಳೆಯ ಗೀಸರನ್ನೇ ವಾಪಸು ಕಳಿಸುವವರಿದ್ದಾರೆ. ಉಗುರುಬೆಚ್ಚಗಿನ ನೀರಿಗೆ ಇನ್ನೊಂದು ಕಾರಣ ಸಂಪರ್ಕ ಅದಲುಬದಲಾಗುವುದು. ನೀಲಿಗೆ ತಣ್ಣೀರು, ಕೆಂಪಿನಿಂದ ಬಿಸಿ. ತಿರುಗಿಸಿ ಕೊಟ್ಟರೆ ತಣ್ಣೀರು ಟ್ಯಾಂಕಿನ ನೆತ್ತಿಗೆ ಬಿದ್ದು ಬಿಸಿಯನ್ನು ಕಲಕುತ್ತದೆ, ಹೊರಬರುವುದು ತಳದ ನೀರು.

ಥರ್ಮೋಸ್ಟ್ಯಾಟ್ ಬಗ್ಗೆ ಒಂದು ಮಾತು, ಪೈಪಿಗೂ ಸಂಬಂಧವಿರುವುದರಿಂದ. ಶೇಖರಿಸಿದ ನೀರು 60 ಡಿಗ್ರಿಯಲ್ಲಿರುವುದು ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯದಿರಲು ಬೇಕು. 20 ರಿಂದ 45 ಡಿಗ್ರಿ ಅವುಗಳಿಗೆ ಹಬ್ಬ. ಆದರೆ 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಥರ್ಮೋಸ್ಟ್ಯಾಟ್ ತಗ್ಗಿಸುವುದಕ್ಕಿಂತ ಹೊರದಾರಿಯಲ್ಲಿ ತಾನಾಗಿ ತಣ್ಣೀರು ಬೆರೆಸಿಕೊಡುವ ಥರ್ಮೋಸ್ಟ್ಯಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕುವುದು ಮೇಲು. ಅದಕ್ಕೆ ತಣ್ಣೀರಿನ ಒಂದು ಕವಲು ಬೇಕು, ಗ್ರೂವ್ ಹೊಡೆಯುವಾಗಲೇ ಬಿಟ್ಟಿರಿ.

ಜಾಯಿಂಟುಗಳು. ಗೀಸರಿನ ನಿಪ್ಪಲಿಗೆ ಸಿಪಿವಿಸಿಯನ್ನು ನೇರ ಕೂಡಿಸಬೇಡಿ. ಗೋಡೆಯ ಬಿಂದುವಿನಲ್ಲಿ ಹಿತ್ತಾಳೆ ಎಳೆಯ ಅಡಾಪ್ಟರ್, ಅಲ್ಲಿಂದ ಗೀಸರಿಗೆ ಸ್ಟೀಲ್ ಹೆಣಿಗೆಯ ಫ್ಲೆಕ್ಸಿಬಲ್ ಪೈಪು, ಬಿಸಿನೀರಿನ ದರ್ಜೆಯದು. ಪ್ಲಾಸ್ಟಿಕ್ಕಿನ ಹೆಣ್ಣೆಳೆಗೆ (ಒಳಬದಿಯ ಎಳೆ) ಲೋಹದ ಗಂಡೆಳೆ (ಹೊರಬದಿಯ ಎಳೆ) ಬಿಗಿದರೆ ಅದು ಇಂದಲ್ಲದಿದ್ದರೆ ಮುಂದಿನ ವರ್ಷ ಸೀಳುತ್ತದೆ. ಗೋಡೆಯ ಬಿಂದುಗಳ ಅಂತರ ಗೀಸರಿನ ನಿಪ್ಪಲುಗಳಿಗೆ ಸರಿಹೊಂದುತ್ತದೆಯೇ ಎಂದು ಗೀಸರ್ ಮನೆಗೆ ಬಂದ ಮೇಲೆ, ಟೈಲು ಕೂರುವ ಮೊದಲು, ನೋಡಿ. ಫ್ಲೆಕ್ಸಿಬಲ್ ಪೈಪು ಉದ್ದ ಹೆಚ್ಚಾಗಿ ಮಡಚಿಕೊಂಡರೆ ಹರಿವು ಅಲ್ಲೇ ಸಾಯುತ್ತದೆ.

ಫ್ಲೆಕ್ಸಿಬಲ್ ಪೈಪಿನ ನಟ್ಟಿಗೆ ಟೆಫ್ಲಾನ್ ಸುತ್ತುವುದು ವ್ಯರ್ಥ ಮಾತ್ರವಲ್ಲ, ಕೆಡುಕು. ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ಟೇಪು ಸುತ್ತಿದರೆ ನಟ್ಟು ಬಿಗಿಯಾದಂತೆ ಅನಿಸಿ ವಾಷರ್ ಕೂರುವುದೇ ಇಲ್ಲ. ಕೈಯಲ್ಲಿ ಬಿಗಿದು ಪಾನಾದಿಂದ ಕಾಲು ಸುತ್ತು, ಹೆಚ್ಚೆಂದರೆ ಅರ್ಧ. ಎಳೆಗೆ ಎಳೆ ಕೂರುವ ಕಡೆ ಮಾತ್ರ ಟೆಫ್ಲಾನ್, ಎಳೆಯ ತುದಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ. ಎದುರು ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಮೊದಲ ಎಳೆಯೊಂದನ್ನು ಖಾಲಿ ಬಿಡಿ, ಚೂರು ಒಳಗೆ ಬಿದ್ದು ವಾಲ್ವಿಗೆ ಸಿಕ್ಕಬಾರದು. ಗೀಸರಿನ ನಿಪ್ಪಲಿನ ಮೇಲೆ ಏನೇ ಬಿಗಿಯುವಾಗಲೂ ಎರಡು ಪಾನಾ ಹಿಡಿಯಿರಿ, ಒಂದರಲ್ಲಿ ತಡೆದು ಇನ್ನೊಂದರಲ್ಲಿ ತಿರುಗಿಸಿ. ಒಂದರಲ್ಲೇ ಹಾಕಿ ಎಳೆದರೆ ನಿಪ್ಪಲು ಟ್ಯಾಂಕಿನ ಬೆಸುಗೆಯಲ್ಲೇ ತಿರುಚುತ್ತದೆ.

ತಾಮ್ರ ಮತ್ತು ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪುಗಳು ನೇರ ಮುಟ್ಟುವಂತೆ ಕೂಡಿಸಿದರೆ ಸತು ಲೇಪ ಕರಗಿ ಜಿಐ ತುಕ್ಕು ತಿನ್ನುತ್ತದೆ. ನಡುವೆ ಹಿತ್ತಾಳೆಯ ತುಂಡೊಂದು ಇರಲಿ, ಇನ್ಸುಲೇಟ್ ಮಾಡಿದ ಯೂನಿಯನ್ ಸಿಕ್ಕರೆ ಇನ್ನೂ ಒಳ್ಳೆಯದು.

ಸಿಪಿವಿಸಿ ಅಂಟಿಸುವವರಿಗೆ: ಪೈಪನ್ನು ನೇರ ಕತ್ತರಿಸಿ, ಒಳಹೊರಗಿನ ಸಿಬರು ಕೆರೆದು, ಒಣಗಿಸಿ, ಸಿಪಿವಿಸಿಯದೇ ಅಂಟು (ಸಾಲ್ವೆಂಟ್) ಹಚ್ಚಿ. ಪಿವಿಸಿ ಸಾಲ್ವೆಂಟ್ ತಣ್ಣೀರಿನಲ್ಲಿ ಹಿಡಿದಂತೆ ಕಂಡು ಬಿಸಿಗೆ ಕೈಬಿಡುತ್ತದೆ. ಒಳಗೆ ತಳ್ಳುತ್ತಾ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿಹಿಡಿಯಿರಿ, ಇಲ್ಲದಿದ್ದರೆ ಪೈಪು ತಾನಾಗಿ ಹಿಂದಕ್ಕೆ ಜಾರುತ್ತದೆ. ಎಷ್ಟು ಹೊತ್ತು ಆರಬೇಕೆಂದು ಡಬ್ಬದ ಮೇಲೆ ಬರೆದಿರುತ್ತದೆ, ಚಳಿಯಲ್ಲಿ ಹೆಚ್ಚು. ಅದಕ್ಕೆ ಮೊದಲು ನೀರು ಬಿಡಬೇಡಿ.

ಗೀಸರಿಗೆ ಜೋಡಿಸುವ ಮೊದಲು ಸಾಲನ್ನು ತೊಳೆಯಬೇಕು. ಗೋಡೆಯ ತಣ್ಣೀರಿನ ಬಿಂದುವನ್ನು ಬಕೆಟ್ಟಿಗೆ ಬಿಟ್ಟು ಎರಡು ನಿಮಿಷ ಪೂರ್ತಿ ಹರಿಸಿ. ಆಮೇಲೆ ಬಿಸಿನೀರಿನ ಸಾಲಿಗೂ ನೀರು ಬರುವಂತೆ ಎರಡು ಬಿಂದುಗಳ ನಡುವೆ ಒಂದು ಫ್ಲೆಕ್ಸಿಬಲ್ ಪೈಪನ್ನು ಸೇತುವೆಯಂತೆ ಹಾಕಿ, ಬಿಸಿ ನಲ್ಲಿಗಳ ಜಾಲರಿ ಬಿಚ್ಚಿ ಹರಿಸಿದರೆ ಪ್ಲಾಸ್ಟಿಕ್ ಚೂರು, ಮರಳು, ಗಾರೆ ಎಲ್ಲ ಬರುತ್ತದೆ. ಅದೇ ಸೇತುವೆ ಇಟ್ಟುಕೊಂಡೇ ಒತ್ತಡದ ಪರೀಕ್ಷೆ ಮಾಡಿ. ಮೂಲದ ವಾಲ್ವ್ ಮುಚ್ಚಿ, ಕೈಪಂಪಿನಿಂದ ಮಾಮೂಲು ಒತ್ತಡದ ಒಂದೂವರೆ ಪಟ್ಟು ಏರಿಸಿ, ರಾತ್ರಿಯಿಡೀ ಗೇಜ್ ಇಳಿಯುತ್ತದೆಯೇ ನೋಡಿ. ಗಾರೆ ಮುಚ್ಚುವುದು ಅದಾದ ಮೇಲೆ.

ಕರೆಂಟಿನ ಕೆಲಸ ಇವತ್ತಿನ ವಿಷಯವಲ್ಲ, ಆದರೆ ಜಾಗದ ಮಟ್ಟಿಗೆ ಹೇಳಬೇಕು. 230 ವೋಲ್ಟಿನಲ್ಲಿ 2 ಕಿಲೋವಾಟ್ ಗೀಸರ್ 8.7 ಆಂಪ್ ಎಳೆಯುತ್ತದೆ, 3 ಕಿಲೋವಾಟ್ 13. ಅದಕ್ಕೆ 16 ಆಂಪಿನ ಪ್ರತ್ಯೇಕ ಸಾಲು, ಅರ್ಥಿಂಗ್, ಕರೆಂಟು ಸೋರಿದರೆ ತಾನಾಗಿ ಕಟ್ ಮಾಡುವ 30 ಮಿಲಿ ಆಂಪಿನ ಆರ್‌ಸಿಸಿಬಿ ಸ್ವಿಚ್. ಸಾಕೆಟ್ಟು ಜಾಯಿಂಟುಗಳ ಮತ್ತು ಸೇಫ್ಟಿ ವಾಲ್ವಿನ ನೇರ ಕೆಳಗೆ ಇರಕೂಡದು.

ಗೀಸರ್ ಏರಿಸಿ ಜೋಡಿಸಿದ ಮೇಲೆ ಪ್ಲಗ್ ಹಾಕದೆ ನೀರು ತುಂಬಿಸಿ. ಅತಿ ದೂರದ ಬಿಸಿ ನಲ್ಲಿಯನ್ನು ತೆರೆದಿಟ್ಟು ಒಳದಾರಿಯ ವಾಲ್ವನ್ನು ನಿಧಾನ ಬಿಡಿ. ನಲ್ಲಿ ಮೊದಲು ಉಸಿರು ಬಿಡುತ್ತದೆ, ಆಮೇಲೆ ಉಗುಳುತ್ತದೆ, ಕೊನೆಗೆ ಒಂದೇ ಸಮನೆ ಹರಿಯುತ್ತದೆ. ಆ ಒಂದೇ ಸಮನೆ ಹರಿವು ಕಂಡ ಮೇಲೂ ಒಂದು ನಿಮಿಷ ಬಿಟ್ಟು ಮುಚ್ಚಿ. ಗಾಳಿ ಉಳಿದ ಟ್ಯಾಂಕಿನಲ್ಲಿ ಸ್ವಿಚ್ ಹಾಕಿದರೆ ಕಾಯಿಲ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು. ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಕಾಗದ ಸುತ್ತಿ ಅರ್ಧ ಗಂಟೆ ಬಿಡಿ. ಕೈಗೆ ತಿಳಿಯದ ಒದ್ದೆ ಕಾಗದಕ್ಕೆ ತಿಳಿಯುತ್ತದೆ. ಒಣಗಿದ್ದರೆ ಸ್ವಿಚ್ ಹಾಕಿ, ತಾನಾಗಿ ಕಟ್ ಆಗುವವರೆಗೆ ಕಾಯಿಸಿ, ಸೇಫ್ಟಿ ವಾಲ್ವಿನ ಹೊರಕೊಳವೆ ಬಚ್ಚಲಿಗೇ ಬೀಳುತ್ತಿದೆಯೇ ನೋಡಿ. ಮತ್ತೆ ಮಾರನೆಯ ಬೆಳಗ್ಗೆ, ಎಲ್ಲ ತಣಿದ ಮೇಲೆ, ಅದೇ ಕಾಗದದ ಪರೀಕ್ಷೆ ಇನ್ನೊಮ್ಮೆ ಮಾಡಿ. ಬಿಸಿಯಲ್ಲಿ ಹಿಗ್ಗಿ ಹಿಡಿದುಕೊಂಡಿದ್ದ ಜಾಯಿಂಟು ತಣಿದು ಕುಗ್ಗಿದಾಗಲೇ ಸೋರಲು ಶುರುವಾಗುವುದು.